ಸುಧಾರಣಾ ಗೃಹದ ಬದಲು ತೀವ್ರ ನಿಗಾದ ಪ್ರೊಬೇಷನ್: ಯಾವ ಮಕ್ಕಳಿಗೆ, ಹೇಗೆ?

ಪ್ರಶ್ನೆ: ಸರ್, ನಾನು ಸಮಾಜಕಾರ್ಯ ವಿದ್ಯಾರ್ಥಿನಿ. ಅಪರಾಧ ಎಸಗಿದ ಮಕ್ಕಳನ್ನು ಸುಧಾರಣಾ ಗೃಹಕ್ಕೆ ಕಳಿಸದೆ ಮನೆಯಲ್ಲೇ ಇರಿಸಿ ಬಿಗಿ ನಿಗಾ ಇಡುವುದು ಮಾಮೂಲಿ ಪ್ರೊಬೇಷನ್‌ಗಿಂತ (ಷರತ್ತು ಹಾಕಿ, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹೊರಗೆ ಬಿಡುವುದಕ್ಕಿಂತ) ಹೇಗೆ ಬೇರೆ? ಯಾರನ್ನು ಆರಿಸಬೇಕು?

ಉತ್ತರ: ಆಯ್ಕೆಯಿಂದಲೇ ಶುರು ಮಾಡೋಣ, ಹೆಚ್ಚಾಗಿ ಕೆಡುವುದು ಅಲ್ಲೇ. ಈ ವ್ಯವಸ್ಥೆ ಇಲ್ಲದಿದ್ದರೆ ಗೃಹಕ್ಕೆ ಹೋಗಿಯೇ ತೀರುತ್ತಿದ್ದ ಮಕ್ಕಳಿಗೆ ಮಾತ್ರ ಇದು. ಸಣ್ಣ ಕಳವಿನಲ್ಲಿ ಮೊದಲ ಸಲ ಸಿಕ್ಕಿಬಿದ್ದ ಹುಡುಗನನ್ನೂ 'ಇರಲಿ' ಎಂದು ಸೇರಿಸಿದರೆ ಗೃಹದಲ್ಲಿ ಒಬ್ಬರೂ ಕಡಿಮೆಯಾಗುವುದಿಲ್ಲ, ನಿಗಾದಲ್ಲಿರುವವರು ಮಾತ್ರ ಹೆಚ್ಚುತ್ತಾರೆ. ಮನೆಯೇ ಮಗುವಿಗೆ ಅಪಾಯವಾಗಿದ್ದರೆ, ಅಥವಾ ಮಗುವಿನಿಂದ ಪೆಟ್ಟು ತಿಂದವರು ಅದೇ ಮನೆಯಲ್ಲಿದ್ದರೆ, ಮೊದಲು ಬೇರೆ ಬಂಧುಗಳ ಮನೆ ಹುಡುಕಿ.

ಮಾಮೂಲಿ ಪ್ರೊಬೇಷನ್‌ಗಿಂತ ಇದು ಬೇರೆಯಾಗುವುದು ನಿಗಾದ ಬಿಗಿಯಲ್ಲಿ. ಒಬ್ಬ ಪ್ರೊಬೇಷನ್ ಅಧಿಕಾರಿಯ ಕೈಯಲ್ಲಿ 10ರಿಂದ 15 ಮಕ್ಕಳು ಸಾಕು. ಅದಕ್ಕಿಂತ ಹೆಚ್ಚಾದರೆ ಹೆಸರಿಗಷ್ಟೇ ತೀವ್ರ. ಮೊದಲ ತಿಂಗಳು ವಾರಕ್ಕೆ 3–4 ಮುಖಾಮುಖಿ ಭೇಟಿ ಬೇಕು, ಅದರಲ್ಲೊಂದಾದರೂ ಸಂಜೆ ಅಥವಾ ರಜೆಯ ದಿನ. ಶಾಲೆ ಬಿಟ್ಟ ಮೇಲಿನ ಗಂಟೆಗಳೇ ಅಪಾಯದವು. ಬಾಗಿಲಲ್ಲಿ ನಿಂತು ಸಹಿ ಹಾಕಿಸಿಕೊಂಡು ಬಂದರೆ ಅದು ಭೇಟಿಯಲ್ಲ. ಶಾಲೆಯ ಹಾಜರಿ ಮೊದಲೇ ಕೇಳಿಕೊಂಡು ಹೋಗಿ. ಮಗುವಿನ ಜೊತೆ ಹತ್ತು ನಿಮಿಷ, ಪೋಷಕರ ಜೊತೆ ಹತ್ತು ನಿಮಿಷ, ಬೇರೆ ಬೇರೆಯಾಗಿ ಮಾತಾಡಿ. ಇಬ್ಬರ ಮಾತಲ್ಲಿ ತಾಳೆಯಾಗದ ಜಾಗದಲ್ಲೇ ಕೆಲಸ ಇರುತ್ತದೆ.

ಪ್ರಶ್ನೆ: ಷರತ್ತು ಮುರಿದರೆ? ಗೃಹಕ್ಕಿಂತ ಇದು ಸುರಕ್ಷಿತ ಎನ್ನಲು ಆಧಾರ ಇದೆಯೇ?

ಉತ್ತರ: ಹತ್ತಿರದಿಂದ ನೋಡಿದಷ್ಟೂ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ತಡವಾಗಿ ಮನೆಗೆ ಬಂದ, ಕೌನ್ಸೆಲಿಂಗ್ ತಪ್ಪಿಸಿದ ಎಂಬುದಕ್ಕೆಲ್ಲ ಗೃಹಕ್ಕೆ ಕಳಿಸಿದರೆ ಯೋಜನೆಯೇ ಗೃಹ ತುಂಬಿಸುತ್ತದೆ. ಆದ್ದರಿಂದ ಮೆಟ್ಟಿಲುಗಳನ್ನು ಮೊದಲ ದಿನವೇ ಬರೆದು, ಮಗುವಿಗೆ ಓದಿ ಹೇಳಿ. ಮೊದಲು ಎಚ್ಚರಿಕೆ, ಆಮೇಲೆ ಮನೆ ಸೇರುವ ಸಮಯ ಒಂದು ಗಂಟೆ ಮುಂಚೆ, ಆಮೇಲೆ ಹೆಚ್ಚುವರಿ ಭೇಟಿ. ಕ್ರಮ ಚಿಕ್ಕದಿರಲಿ, ಆದರೆ 24 ಗಂಟೆಯೊಳಗೆ ಆಗಲಿ. ವಾರ ಕಳೆದು ಬಂದ ಶಿಕ್ಷೆಯಿಂದ ಮಗು ಏನೂ ಕಲಿಯದು. ಹೊಸ ಅಪರಾಧ, ಬೆದರಿಕೆ, ಆಯುಧ ಇದ್ದರೆ ಮಾತ್ರ ನೇರ ನ್ಯಾಯಾಲಯಕ್ಕೆ.

ಗೃಹಕ್ಕಿಂತ ಹೆಚ್ಚು ಸುರಕ್ಷಿತ ಎನ್ನಲಾಗದು, ಆದರೆ ಅದಕ್ಕಿಂತ ಹೆಚ್ಚು ಅಪಾಯವಲ್ಲ ಎನ್ನಲು ಆಧಾರ ಇದೆ. ಅಮೆರಿಕದ ಮಿಷಿಗನ್ ರಾಜ್ಯದ ವೇಯ್ನ್ ಕೌಂಟಿಯಲ್ಲಿ 1980ರ ದಶಕದಲ್ಲಿ ಗೃಹಕ್ಕೆ ಹೋಗಬೇಕಿದ್ದ ಹುಡುಗರಲ್ಲಿ ಕೆಲವರನ್ನು ಗೃಹಕ್ಕೆ, ಕೆಲವರನ್ನು ಮನೆಯಲ್ಲೇ ತೀವ್ರ ನಿಗಾಕ್ಕೆ ಎಂದು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಿ ಎರಡು ವರ್ಷ ಗಮನಿಸಿದರು. ಮರು ಅಪರಾಧದಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಮನೆಯ ನಿಗಾಕ್ಕೆ ತಗುಲಿದ ಖರ್ಚು ಮಾತ್ರ ಗೃಹದ ಖರ್ಚಿನ ಸುಮಾರು ಮೂರನೇ ಒಂದು ಭಾಗ. ಹಾಗೆ ಉಳಿದ ಹಣ ಕೌನ್ಸೆಲಿಂಗ್‌ಗೆ, ಶಾಲೆಗೆ ಮರಳಿಸುವ ಕೆಲಸಕ್ಕೆ ಹೋಗಬೇಕು. ಬರೀ ಕಾವಲು ಯಾರನ್ನೂ ಬದಲಿಸುವುದಿಲ್ಲ.

ನಿಗಾ ಸಡಿಲಿಸುವಾಗಲೂ ಒಮ್ಮೆಲೇ ಬಿಡಬೇಡಿ. ಹಾಜರಿ ಸ್ಥಿರವಾದ ಮೇಲೆ ವಾರಕ್ಕೆ ಎರಡು, ಆಮೇಲೆ ಒಂದು ಭೇಟಿಗೆ ಇಳಿಸಿ.