ಹಳೇ ಎಚ್‌ಟಿಎಂಎಲ್ ಫೈಲುಗಳನ್ನು ತಿದ್ದಲು ಯಾವ ಲೈಬ್ರರಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಮ್ಮ ಪತ್ರಿಕೆಯ ಹಳೇ ಲೇಖನಗಳು ನೂರಾರು ಎಚ್‌ಟಿಎಂಎಲ್ ಫೈಲುಗಳಲ್ಲಿವೆ. ಲಿಂಕು ಮತ್ತು ಚಿತ್ರಗಳ ವಿಳಾಸ ಮಾತ್ರ ಬದಲಾಗಬೇಕು, ಉಳಿದದ್ದು ಹಾಗೇ ಇರಬೇಕು. ನೋಡ್‌ನಲ್ಲಿ (Node.js, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಮಾಡೋಣ ಅಂತಿದ್ದೇನೆ. ರೆಜೆಕ್ಸ್ (ನಮೂನೆ ಕೊಟ್ಟು ಪಠ್ಯ ಹುಡುಕಿ ಬದಲಿಸುವುದು) ಸಾಕಾ?

ಉತ್ತರ 1: ರೆಜೆಕ್ಸ್ ಬೇಡ. ಕಾಮೆಂಟಿನೊಳಗಿನ ಲಿಂಕು, ಸ್ಕ್ರಿಪ್ಟಿನೊಳಗಿನ ಲಿಂಕು, ನಿಜವಾದ ಲಿಂಕು ಎಲ್ಲ ಅದಕ್ಕೆ ಒಂದೇ. ನಾನು ಪಾರ್ಸ್‌ಫೈವ್ (parse5) ಅನ್ನುವ ಎಚ್‌ಟಿಎಂಎಲ್ ಓದುವ ಲೈಬ್ರರಿ ಬಳಸುತ್ತೇನೆ. ಬ್ರೌಸರುಗಳು ಪಾಲಿಸುವ ನಿಯಮಗಳನ್ನೇ ಅದೂ ಪಾಲಿಸುತ್ತದೆ, ನೋಡ್‌ನಲ್ಲಿ ಬ್ರೌಸರಿನಂತೆ ಪುಟ ಕಟ್ಟುವ ಜೆಎಸ್‌ಡಾಮ್ ಒಳಗಿರುವುದೂ ಅದೇ.

ಆದರೆ ಇದು ಗಮನದಲ್ಲಿರಲಿ: ಏನೂ ಮುಟ್ಟದೆ ಸುಮ್ನೆ ಪಾರ್ಸ್ ಮಾಡಿ (ಓದಿ ಟ್ಯಾಗುಗಳ ಮರವಾಗಿಸಿ) ಮತ್ತೆ ಸೀರಿಯಲೈಸ್ ಮಾಡಿದರೂ (ಆ ಮರವನ್ನು ಎಚ್‌ಟಿಎಂಎಲ್ ಪಠ್ಯವಾಗಿ ಬರೆದರೂ) ಫೈಲು ಮೊದಲಿನಂತೆ ಇರುವುದಿಲ್ಲ, ಯಾಕಂದ್ರೆ ಓದುವಾಗಲೇ ಪಾರ್ಸರ್ ರಿಪೇರಿ ಮಾಡಿಬಿಟ್ಟಿರುತ್ತದೆ. ಟೇಬಲ್ಲಿಗೆ ನೀವು ಬರೆಯದ ಟೀಬಾಡಿ ಸೇರುತ್ತದೆ. ಪಿ ಟ್ಯಾಗಿನೊಳಗೆ ಡಿವ್ ಇದ್ದರೆ ಪಿ ಅಲ್ಲೇ ಮುಚ್ಚಿಹೋಗಿ, ಕೊನೆಯ ಮುಚ್ಚುವ ಟ್ಯಾಗಿನಿಂದ ಇನ್ನೊಂದು ಖಾಲಿ ಪಿ ಹುಟ್ಟುತ್ತದೆ. ಟೇಬಲ್ಲಿನೊಳಗೆ ಸೆಲ್ಲಿನ ಹೊರಗೆ ಬಿದ್ದ ಪಠ್ಯ ಟೇಬಲ್ಲಿಗಿಂತ ಮೇಲಕ್ಕೆ ಹೋಗುತ್ತದೆ. ಪ್ರೀ ಟ್ಯಾಗಿನ ಮೊದಲ ಖಾಲಿ ಸಾಲು ಹೋಗುತ್ತದೆ. ಸಿಂಗಲ್ ಕೋಟ್ ಡಬಲ್ ಆಗುತ್ತದೆ. ಕ ಅಂತ ಬರೆದಿದ್ದದ್ದು ನೇರವಾಗಿ ಕ ಆಗಿ ಬರುತ್ತದೆ. ಪುಟ ಬ್ರೌಸರಿನಲ್ಲಿ ಬಹುಪಾಲು ಹಾಗೇ ಕಾಣಬಹುದು, ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ?

ಹಾಗಾಗಿ ನಿಮ್ಮ ಕೆಲಸಕ್ಕೆ ಸೀರಿಯಲೈಸ್ ಮಾಡಲೇಬೇಡಿ. ಸೋರ್ಸ್ ಕೋಡ್ ಲೊಕೇಶನ್ ಇನ್ಫೋ ಅನ್ನುವ ಆಯ್ಕೆ ಆನ್ ಮಾಡಿ. ಪ್ರತಿ ಆಟ್ರಿಬ್ಯೂಟ್ (ಟ್ಯಾಗಿನೊಳಗೆ ವಿಳಾಸ ಮುಂತಾದವು ಇರುವ ಭಾಗ) ಮೂಲ ಫೈಲಿನಲ್ಲಿ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಸಿಗುತ್ತದೆ. ಮೂಲ ಸ್ಟ್ರಿಂಗಿನಲ್ಲಿ ಅಷ್ಟನ್ನೇ ಕತ್ತರಿಸಿ ಹೊಸದು ಹಾಕಿ. ಫೈಲಿನ ಕೊನೆಯಿಂದ ಹಿಂದಕ್ಕೆ ಬನ್ನಿ, ಇಲ್ಲದಿದ್ದರೆ ಮೊದಲ ಬದಲಾವಣೆಗೇ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಪಾರ್ಸ್‌ಫೈವ್ ತಾನಾಗಿಯೇ ಸ್ಕ್ರಿಪ್ಟಿಂಗ್ ಆನ್ ಇದೆ ಅಂದುಕೊಳ್ಳುತ್ತದೆ. ಆಗ ನೋಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್ ಇಲ್ಲದಾಗ ತೋರಿಸುವ ಟ್ಯಾಗು) ಒಳಗಿನದು ಬರೀ ಪಠ್ಯ, ಅಲ್ಲಿರುವ ಚಿತ್ರಗಳು ನಿಮಗೆ ಸಿಗುವುದೇ ಇಲ್ಲ. ಸ್ಕ್ರಿಪ್ಟಿಂಗ್ ಎನೇಬಲ್ಡ್ ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಿ. ಇಡೀ ಪುಟವಲ್ಲದೆ ತುಣುಕುಗಳಿದ್ದರೆ, ಜೆಕ್ವೆರಿ (ಪುಟ ತಿದ್ದುವ ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿ) ಥರ ಬರೆಯಲು ಚೀರಿಯೋ ಅನ್ನುವ ಲೈಬ್ರರಿ ಹಿತ, ಆದರೆ ಅದರ ಲೋಡ್ ಫಂಕ್ಷನ್‌ಗೆ ಮೂರನೇ ಆರ್ಗ್ಯುಮೆಂಟ್ ಫಾಲ್ಸ್ ಕೊಡಿ. ಕೊಡದಿದ್ದರೆ ಪ್ರತಿ ತುಣುಕಿಗೂ ಹೆಡ್, ಬಾಡಿ ಅಂಟಿಕೊಳ್ಳುತ್ತದೆ.

ಉತ್ತರ 3: ಹಳೇ ಕನ್ನಡ ಪುಟ ಅಂದರೆ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟಿನವೂ ಇರುತ್ತವೆ. ಪಾರ್ಸ್‌ಫೈವ್ ಮೆಟಾ ಚಾರ್‌ಸೆಟ್ (ಪುಟ ಯಾವ ಎನ್‌ಕೋಡಿಂಗ್‌ನಲ್ಲಿದೆ ಅಂತ ಹೇಳುವ ಟ್ಯಾಗು) ನೋಡಿ ಬೈಟುಗಳನ್ನು ಅಕ್ಷರವಾಗಿ ಡಿಕೋಡ್ ಮಾಡುವುದಿಲ್ಲ, ಕೊಟ್ಟ ಸ್ಟ್ರಿಂಗನ್ನೇ ಓದುತ್ತದೆ. ಅಂಥ ಫೈಲನ್ನು ಯುಟಿಎಫ್-8 ಅಂತ ಓದಿ ಬರೆದರೆ ಅಕ್ಷರಗಳು ಹಾಳಾಗುತ್ತವೆ, ಮರಳಿ ಪಡೆಯಲಾಗುವುದಿಲ್ಲ. ವಿಳಾಸಗಳು ಇಂಗ್ಲಿಷ್ ಅಕ್ಷರದಲ್ಲೇ ಇದ್ದರೆ ಎಲ್ಲ ಫೈಲನ್ನೂ ಲ್ಯಾಟಿನ್1 (ಒಂದು ಬೈಟಿಗೆ ಒಂದು ಅಕ್ಷರ ಅನ್ನುವ ಎನ್‌ಕೋಡಿಂಗ್) ಅಂತ ಓದಿ ಲ್ಯಾಟಿನ್1 ಆಗಿಯೇ ಬರೆಯಿರಿ. ನೋಡ್‌ನಲ್ಲಿ ಹಾಗೆ ಮಾಡಿದರೆ ಒಂದು ಬೈಟೂ ಬದಲಾಗುವುದಿಲ್ಲ, ಯುಟಿಎಫ್-8 ಫೈಲಿಗೂ ಇದು ನಡೆಯುತ್ತದೆ. ಮುಗಿದ ಮೇಲೆ ಗಿಟ್ ಡಿಫ್ (ಹಳೇದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಆದೇಶ) ನೋಡಿ, ಲಿಂಕು ಮತ್ತು ಚಿತ್ರದ ಸಾಲು ಬಿಟ್ಟು ಬೇರೇನೂ ಅಲ್ಲಿ ಬರಬಾರದು.