ಕಿವಿಯ ಗುಗ್ಗೆ ತೆಗೆಸಲು ನೀರು ಒಳ್ಳೆಯದೋ, ಸಕ್ಷನ್ ಒಳ್ಳೆಯದೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ನನ್ನ ಬಲಗಿವಿ ಕಟ್ಟಿಕೊಂಡಂತಿದ್ದು, ತಲೆಗೆ ಸ್ನಾನ ಮಾಡಿದ ದಿನ ಏನೂ ಕೇಳಿಸುವುದಿಲ್ಲ. ಗುಗ್ಗೆ ಗಟ್ಟಿಯಾಗಿ ಕೂತಿದೆ ಎಂದ ವೈದ್ಯರು, ನೀರು ಹಾಯಿಸಿ ತೊಳೆಯುವುದು, ಸಕ್ಷನ್‌ನಿಂದ ಎಳೆಯುವುದು, ಉಪಕರಣದಿಂದ ಕೈಯಲ್ಲೇ ತೆಗೆಯುವುದು ಎಂಬ ಮೂರು ದಾರಿಗಳನ್ನು ತಿಳಿಸಿದರು. ಚಿಕ್ಕಂದಿನಲ್ಲಿ ಇದೇ ಕಿವಿ ಸೋರುತ್ತಿತ್ತು. ನಾನು ಯಾವುದಕ್ಕೆ ಒಪ್ಪಲಿ?

ಉತ್ತರ 1:
ನಾನು ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಶುಶ್ರೂಷಕಿ. ಕಿವಿ ಸೋರುತ್ತಿದ್ದ ಸಂಗತಿಯನ್ನು ದಯವಿಟ್ಟು ಎಲ್ಲಕ್ಕಿಂತ ಮೊದಲು ವೈದ್ಯರಿಗೆ ಹೇಳಿ. ಅಂಥವರ ಕಿವಿತಮಟೆಯಲ್ಲಿ ತೂತು ಉಳಿದಿರಬಹುದು, ಗುಗ್ಗೆ ಅಡ್ಡವಿರುವಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದರ ಮೂಲಕ ನೀರು ಒಳಗೆ ಹೋದರೆ ಸೋಂಕು ಮರುಕಳಿಸಬಹುದು. ತಮಟೆ ಸರಿಯಿದ್ದವರಿಗೆ ನೀರು ಹಾಯಿಸುವುದು ಒಳ್ಳೆಯ ವಿಧಾನವೇ. ಆದರೆ ನೀರು ಮೈಬಿಸಿಯಷ್ಟು, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತಣ್ಣಗಿದ್ದರೂ ಬಿಸಿಯಿದ್ದರೂ ತಲೆ ಸುತ್ತುತ್ತದೆ. ಧಾರೆಯನ್ನು ತಮಟೆಗೆ ನೇರವಾಗಿ ಬಿಡದೆ ಕಿವಿನಾಳದ ಮೇಲ್ಭಾಗದ ಹಿಂಗೋಡೆಗೆ ಬಿಟ್ಟರೆ, ಗುಗ್ಗೆಯ ಹಿಂದೆ ಸುತ್ತಿ ಬಂದ ನೀರೇ ಅದನ್ನು ಹೊರಗೆ ತಳ್ಳುತ್ತದೆ. ಕಿವಿಯ ಶಸ್ತ್ರಚಿಕಿತ್ಸೆ ಆದವರಿಗೆ ಇದು ಬೇಡ, ಸಕ್ಕರೆ ಕಾಯಿಲೆಯವರಿಗೆ ಹೆಚ್ಚಿನ ಎಚ್ಚರ ಬೇಕು.

ಉತ್ತರ 2:
ನನ್ನ ಕಿವಿಯೂ ಹಿಂದೆ ಸೋರುತ್ತಿತ್ತು. ಒಂದು ಕಡೆ ಏನನ್ನೂ ವಿಚಾರಿಸದೆ ನೀರು ಹಾಯಿಸಿದಾಗ ಅದು ಗಂಟಲಿಗೇ ಇಳಿಯಿತು, ಆಮೇಲೆ ವಾರವಿಡೀ ಕಿವಿ ಸೋರಿತು. ಆ ಕೋಪ ನನಗೆ ಇನ್ನೂ ಇದೆ. ಮುಂದಿನ ಸಲ ಸಕ್ಷನ್ ಮಾಡಿಸಿದೆ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ತೆಳುವಾದ ಕೊಳವೆಯನ್ನು ಒಳಗೆ ಇಳಿಸಿದರು. ಕಿವಿಯೊಳಗೇ ಗಾಳಿ ಭೋರ್ಗರೆದಂಥ ಸದ್ದು, ಅರೆಕ್ಷಣ ತಲೆ ತಿರುಗಿದ್ದೂ ನಿಜ. ಕೊಳವೆಯ ತುದಿಗೆ ಅಂಟಿ ಬಂದ ಕಡುಕಂದು ತುಂಡಿನಲ್ಲಿ ನಾನೇ ಹಾಕಿಕೊಳ್ಳುತ್ತಿದ್ದ ಬಡ್ಸ್‌ನ ಹತ್ತಿಯ ಎಳೆಯೂ ಇತ್ತು. ನೀರು ಸೋಕದ ವಿಧಾನವಾದ್ದರಿಂದ ನಿಮಗೂ ಅದೇ ಸೂಕ್ತವೆಂದು ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೋಗುವ ಮುನ್ನ ಗುಗ್ಗೆ ಮೆತ್ತಗಾಗಲು ಎಣ್ಣೆ ಬಿಟ್ಟುಕೊಳ್ಳಬಹುದೇ? ಕೈಯಲ್ಲಿ ತೆಗೆಯುವ ವಿಧಾನ ಹೇಗೆ?

ಉತ್ತರ 1:
ತಮಟೆ ಸರಿಯಿದ್ದವರು ಮೂರರಿಂದ ಐದು ದಿನ ಆಲಿವ್ ಎಣ್ಣೆಯ ಹನಿ ಹಾಕಿಕೊಳ್ಳುವುದುಂಟು. ನೀವು ಮಾತ್ರ ವೈದ್ಯರನ್ನು ಕೇಳದೆ ಒಂದು ಹನಿಯನ್ನೂ ಬಿಟ್ಟುಕೊಳ್ಳಬೇಡಿ. ನಾಳದ ಬಾಯಿಯ ಹತ್ತಿರವಿರುವ ಗಟ್ಟಿ ಗುಗ್ಗೆಗೆ ಸಣ್ಣ ಕೊಕ್ಕೆ ಅಥವಾ ಕ್ಯುರೆಟ್ (ಕೆರೆದು ತೆಗೆಯುವ ಪುಟ್ಟ ಚಮಚದಂಥ ಉಪಕರಣ) ಸಾಕು. ಇನ್ನೂ ಒಳಗೆ ಎಲುಬಿನ ಮೇಲಿರುವ ಚರ್ಮ ಬಹಳ ತೆಳು, ನೀವು ತಲೆ ಅಲ್ಲಾಡಿಸಿದರೂ ಗೀರು ಬಿದ್ದು ರಕ್ತ ಬರುತ್ತದೆ. ಗುಗ್ಗೆ ತೆಗೆದ ಮೇಲೆ ತಮಟೆಯನ್ನು ಒಮ್ಮೆ ನೋಡಿ ಹೇಳುವಂತೆ ಕೇಳಿಕೊಳ್ಳಿ.