ದೊಡ್ಡ ಕಟ್ಟಡಗಳು ವಿದ್ಯುತ್ತು ಮತ್ತು ನೀರಿನ ಬಳಕೆಯ ಲೆಕ್ಕ ಒಪ್ಪಿಸುವುದನ್ನು ಕಡ್ಡಾಯಗೊಳಿಸಬಹುದೇ?

ಕೋಡಿಬಾಗ ನಿವಾಸಿ, ಕಾರವಾರ (ಪ್ರಶ್ನೆ)

ನಮ್ಮ ವಸತಿ ಸಮುಚ್ಚಯದ ಸಮಿತಿ ನಗರಸಭೆಗೆ ಒಂದು ಮನವಿ ಸಲ್ಲಿಸಲು ಯೋಚಿಸುತ್ತಿದೆ. ಲಾಡ್ಜು, ಆಸ್ಪತ್ರೆ, ಹಾಸ್ಟೆಲು, ಸರ್ಕಾರಿ ಕಚೇರಿ ಹಾಗೂ ನಮ್ಮಂಥ ಬಹುಮಹಡಿ ವಸತಿಗಳು ತಾವು ಬಳಸಿದ ವಿದ್ಯುತ್ತು ಮತ್ತು ನೀರಿನ ಲೆಕ್ಕವನ್ನು ಪ್ರತಿವರ್ಷ ಒಪ್ಪಿಸಬೇಕು, ನಗರಸಭೆ ಅದನ್ನು ಸಾರ್ವಜನಿಕರ ಮುಂದಿಡಬೇಕು ಎಂಬುದು ಮನವಿಯ ತಿರುಳು.

ಸಮಿತಿಯೊಳಗೇ ಇದಕ್ಕೆ ವಿರೋಧವಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಾಳಿಯ ಅಣೆಕಟ್ಟುಗಳೂ ಕೈಗಾ ಅಣುಸ್ಥಾವರವೂ ಇರುವ ಜಿಲ್ಲೆಯಲ್ಲಿ ನೀರು, ಕರೆಂಟಿನ ಲೆಕ್ಕ ಯಾರಿಗೆ ಬೇಕು ಎಂದು ಕೆಲವರು ಕೇಳುತ್ತಾರೆ. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವಾಗಲೂ ಇದೇ ಮಾತು ಕೇಳಿಬರುವುದು ನನಗೆ ಬೇಸರ ತಂದಿದೆ. ನಮ್ಮ ದೇಶದಲ್ಲಿ ಇಂಥ ಕಾನೂನು ಈಗಾಗಲೇ ಇದೆಯೇ? ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ಬಳಕೆ ಇಳಿದ ಉದಾಹರಣೆಗಳಿವೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ನಿವೃತ್ತ ವಿದ್ಯುತ್ ಎಂಜಿನಿಯರ್, ಶಿರಸಿ

ಕಟ್ಟುವಾಗಿನ ನಿಯಮ ಬೇರೆ, ಬಳಸುವಾಗಿನ ಲೆಕ್ಕ ಬೇರೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಕಟ್ಟಡ ಸಂಹಿತೆಯು 100 ಕಿಲೋವ್ಯಾಟ್ ಸಂಪರ್ಕಿತ ಹೊರೆ (ಜೋಡಿಸಿದ ಎಲ್ಲ ಉಪಕರಣಗಳ ಒಟ್ಟು ಸಾಮರ್ಥ್ಯ) ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿಯೊಂದಿಗೆ ಒಪ್ಪಿಕೊಂಡ ಗರಿಷ್ಠ ಬೇಡಿಕೆ) ಇಲ್ಲವೇ ಅದಕ್ಕಿಂತ ಹೆಚ್ಚು ಇರುವ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. 2022ರ ತಿದ್ದುಪಡಿಯು ದೊಡ್ಡ ವಸತಿ ಕಟ್ಟಡಗಳನ್ನೂ ಇಂಥ ಸಂಹಿತೆಯ ವ್ಯಾಪ್ತಿಗೆ ತರಲು ದಾರಿ ಮಾಡಿತು. ಆದರೆ ಇವು ಗೋಡೆ, ಗಾಜು, ದೀಪ, ಹವಾನಿಯಂತ್ರಣ ಹೇಗಿರಬೇಕು ಎಂದು ಹೇಳುವ ನಿಯಮಗಳು. ಜನ ಒಳಗೆ ಬಂದು ಹತ್ತು ವರ್ಷವಾದ ಮೇಲೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ ಎಂದು ಅವು ಕೇಳುವುದಿಲ್ಲ. ವಾರ್ಷಿಕ ಲೆಕ್ಕ ಕೊಡಲೇಬೇಕಾದವರು ಕಾಯ್ದೆಯಲ್ಲಿ ಹೆಸರಿಸಿದ ಭಾರಿ ಬಳಕೆದಾರರು ಮಾತ್ರ. ಬಳಕೆಯನ್ನು ಅಳೆದು ನಕ್ಷತ್ರ ಕೊಡುವ ಯೋಜನೆ 2009ರಿಂದ ಇದೆಯಾದರೂ ಅದಕ್ಕೆ ಸೇರುವುದು ಮಾಲೀಕರ ಇಚ್ಛೆಗೆ ಬಿಟ್ಟ ವಿಷಯ. ಹೀಗಾಗಿ ನೀವು ಕೇಳುತ್ತಿರುವುದು ಹೊಸತೇ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರಡಿ ನಗರಸಭೆಗೆ ಉಪವಿಧಿ ರಚಿಸುವ ಅಧಿಕಾರವಿದೆ. ಅದಕ್ಕೆ ಸರ್ಕಾರದ ಮಂಜೂರಾತಿ ಬೇಕು.

ಹೊರದೇಶದ ಉದಾಹರಣೆಗಳಲ್ಲಿ ನ್ಯೂಯಾರ್ಕ್ ನಗರದ್ದು ಉಪಯುಕ್ತ. ಅಲ್ಲಿ 2009ರ ಕಾನೂನು 50,000 ಚದರ ಅಡಿ ಮೀರಿದ ಕಟ್ಟಡಗಳಿಂದ ವಿದ್ಯುತ್ತು, ನೀರು ಎರಡರ ಲೆಕ್ಕವನ್ನೂ ಕೇಳಿತು. 2016ರಲ್ಲಿ ಮಿತಿಯನ್ನು 25,000 ಚದರ ಅಡಿಗೆ ಇಳಿಸಲಾಯಿತು. 2020ರಿಂದ ಕಟ್ಟಡದ ಶಕ್ತಿ ದಕ್ಷತೆಯ ದರ್ಜೆಯನ್ನು ಪ್ರವೇಶದ್ವಾರದ ಬಳಿ ತೂಗುಹಾಕಬೇಕಾಯಿತು. ಪರಿಣಾಮದ ಬಗ್ಗೆ ಹೇಳುವುದಾದರೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2008ರಿಂದ 2011ರವರೆಗೆ ಸತತವಾಗಿ ಲೆಕ್ಕವಿಟ್ಟ ಸುಮಾರು 35,000 ಕಟ್ಟಡಗಳನ್ನು ಪರಿಶೀಲಿಸಿದಾಗ ಒಟ್ಟು ಶೇಕಡಾ 7ರಷ್ಟು ಶಕ್ತಿಯ ಬಳಕೆ ಇಳಿದಿತ್ತು. ಲೆಕ್ಕವಿಡುವ ಮನಸ್ಸಿದ್ದವರು ಉಳಿತಾಯಕ್ಕೂ ಮುಂದಾಗುವವರೇ ಆಗಿರುತ್ತಾರಾದ್ದರಿಂದ ಇಡೀ ಇಳಿಕೆಯನ್ನು ವರದಿಯ ಖಾತೆಗೆ ಬರೆಯುವುದು ಸರಿಯಲ್ಲ. ಆದರೂ ನಿರ್ಲಕ್ಷಿಸುವಷ್ಟು ಸಣ್ಣ ಸಂಖ್ಯೆಯೂ ಅದಲ್ಲ.

ಲೆಕ್ಕ ಹಾಕುವುದು ಕಷ್ಟವಲ್ಲ. ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ಲುಗಳ ಯೂನಿಟ್‌ಗಳನ್ನು ಕೂಡಿಸಿ, ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರಾಯಿತು. 2,000 ಚದರ ಮೀಟರಿನ ಕಚೇರಿ ವರ್ಷಕ್ಕೆ 1,60,000 ಯೂನಿಟ್ ಬಳಸಿದರೆ ಚದರ ಮೀಟರಿಗೆ 80 ಯೂನಿಟ್ ಆಯಿತು. ಅದೇ ಬಗೆಯ ಪಕ್ಕದ ಕಚೇರಿಯದು 50 ಇದ್ದರೆ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಲು ಕಾರಣ ಸಿಕ್ಕಿತು. ಜನರೇಟರಿನ ಡೀಸೆಲ್ಲನ್ನೂ ಚಾವಣಿಯ ಸೌರಫಲಕಗಳ ಯೂನಿಟ್‌ಗಳನ್ನೂ ಮರೆಯದೆ ಸೇರಿಸಬೇಕು.

ವಸತಿಗೃಹ ವ್ಯವಸ್ಥಾಪಕ, ಗೋಕರ್ಣ

ನಾನು ಈ ಪ್ರಸ್ತಾಪದ ವಿರೋಧಿಯಲ್ಲ. ಆದರೆ ಎಂಜಿನಿಯರ್ ಸರ್ ಹೇಳಿದ ವಿಸ್ತೀರ್ಣದ ಲೆಕ್ಕವನ್ನು ನಮ್ಮಂಥವರಿಗೆ ಹಾಗೆಯೇ ಅನ್ವಯಿಸಿದರೆ ಅನ್ಯಾಯವಾಗುತ್ತದೆ. ಡಿಸೆಂಬರಿನಲ್ಲಿ ಒಂದು ಕೋಣೆಯೂ ಖಾಲಿಯಿರುವುದಿಲ್ಲ, ಆಷಾಢದಲ್ಲಿ ಅರ್ಧ ಕಟ್ಟಡಕ್ಕೆ ಬೀಗ. ಅತಿಥಿಗಳಿಲ್ಲದ ಲಾಡ್ಜು ಕಾಗದದ ಮೇಲೆ ಮಿತವ್ಯಯಿಯಾಗಿ ಕಾಣುತ್ತದೆ, ಚೆನ್ನಾಗಿ ನಡೆಯುವ ಲಾಡ್ಜು ದುಂದುಗಾರನಾಗಿ ಕಾಣುತ್ತದೆ. ಆದ್ದರಿಂದ ನಮ್ಮ ಲೆಕ್ಕವನ್ನು ಭರ್ತಿಯಾದ ಕೋಣೆಗೆ, ಒಂದು ರಾತ್ರಿಗೆ ಇಷ್ಟು ಯೂನಿಟ್ಟು, ಇಷ್ಟು ಲೀಟರು ಎಂದು ಕೇಳಬೇಕು.

ಎರಡನೆಯ ಸಂಗತಿ ನೀರಿನದು. ವಿದ್ಯುತ್ತಿಗೆ ಮೀಟರಿದೆ. ನೀರಿನಲ್ಲಿ ನಲ್ಲಿಯದು ಸ್ವಲ್ಪ, ಬಾವಿಯದು ಹೆಚ್ಚು, ಏಪ್ರಿಲ್ ನಂತರ ಟ್ಯಾಂಕರಿನದು. ಬರೀ ನಲ್ಲಿ ನೀರಿನ ಬಿಲ್ಲು ತೋರಿಸಿದರೆ ಯಾವ ಲಾಡ್ಜಿನ ನಿಜವಾದ ಬಳಕೆಯೂ ಹೊರಬರುವುದಿಲ್ಲ.

ಅಂತರ್ಜಲ ವಿಷಯದ ಅಧ್ಯಾಪಕಿ, ಕುಮಟಾ

ಮೇಲಿನ ಎರಡನೆಯ ಮಾತು ಇಡೀ ಚರ್ಚೆಯ ಮುಖ್ಯ ಬಿಂದು ಎಂದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯಲ್ಲಿ ನೀರಿನ ವಾರ್ಷಿಕ ಮೊತ್ತ ಹೆಚ್ಚೇನನ್ನೂ ಹೇಳುವುದಿಲ್ಲ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಸಮುದ್ರ ಸೇರುತ್ತದೆ. ಕಾರವಾರಕ್ಕೆ ನೀರು ಕೊಡುವ ಗಂಗಾವಳಿ ಏಪ್ರಿಲ್, ಮೇ ತಿಂಗಳಲ್ಲಿ ಸೊರಗುತ್ತದೆ. ಶಿರಸಿಯವರಿಗೆ ತಮ್ಮ ಊರಿನ ನೀರಿನ ಮೂಲಗಳಾದ ಕೆಂಗ್ರೆ, ಮಾರಿಗದ್ದೆಗಳ ಬೇಸಿಗೆಯ ಸ್ಥಿತಿ ಗೊತ್ತೇ ಇದೆ. ಜುಲೈಯಲ್ಲಿ ಬಳಸಿದ ಸಾವಿರ ಲೀಟರು ಮತ್ತು ಮೇ ತಿಂಗಳಲ್ಲಿ ಎತ್ತಿದ ಸಾವಿರ ಲೀಟರು ಸಮವಲ್ಲವಾದ್ದರಿಂದ ವರದಿ ತಿಂಗಳುವಾರು ಇರಬೇಕು, ನಲ್ಲಿ, ಬಾವಿ, ಕೊಳವೆಬಾವಿ, ಟ್ಯಾಂಕರು ಬೇರೆಬೇರೆಯಾಗಿ ನಮೂದಾಗಬೇಕು.

ತೀರದ ಬಾವಿಗಳ ವಿಷಯದಲ್ಲಿ ಅಪಾಯ ದೊಡ್ಡದು. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ನಿಂತಿರುತ್ತದೆ. ಸ್ಥೂಲ ನಿಯಮದ ಪ್ರಕಾರ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸಿಹಿನೀರು ಇದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಅದು ಇರುತ್ತದೆ. ಆ ಒಂದು ಮೀಟರನ್ನು ಪಂಪು ಎಳೆದುಬಿಟ್ಟರೆ ಉಪ್ಪುನೀರು ಅದಕ್ಕೆ ತಕ್ಕಂತೆ ಮೇಲೇರತೊಡಗುತ್ತದೆ. ಆಗ ಕೆಡುವುದು ಲಾಡ್ಜಿನ ಬಾವಿಯೊಂದೇ ಅಲ್ಲ, ಪಕ್ಕದ ಕೇರಿಯ ಮೀನುಗಾರರ ಮನೆಯ ಬಾವಿಯೂ ಕೆಡುತ್ತದೆ. ಅವರ ಬಳಿ ಟ್ಯಾಂಕರಿಗೆ ಕೊಡುವ ಹಣವಿಲ್ಲ. ಈ ಕಾರಣಕ್ಕಾಗಿಯೇ ಲೆಕ್ಕ ಸಾರ್ವಜನಿಕವಾಗಿರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಾವಿಯ ಪಂಪಿನ ಕೊಳವೆಗೆ ಒಂದು ಮೀಟರ್ ಕೂರಿಸುವುದು ಮೊದಲ ಕೆಲಸ.

ನೀರು, ವಿದ್ಯುತ್ತು ಎರಡನ್ನೂ ಒಟ್ಟಿಗೆ ಕೇಳುವುದರಲ್ಲಿಯೂ ಅರ್ಥವಿದೆ. ಹತ್ತು ಸಾವಿರ ಲೀಟರನ್ನು 30 ಮೀಟರ್ ಎತ್ತಲು ತತ್ತ್ವತಃ 0.8 ಯೂನಿಟ್ ಸಾಕು. ಪಂಪಿನ ಒಟ್ಟು ದಕ್ಷತೆ ಶೇಕಡಾ 40 ಆದರೆ ಎರಡು ಯೂನಿಟ್ ಬೇಕು. ನಾಲ್ಕು ಯೂನಿಟ್ ಹೋಗುತ್ತಿದ್ದರೆ ಪಂಪು ಸವೆದಿದೆ ಅಥವಾ ಪೈಪು ಸೋರುತ್ತಿದೆ ಎಂದು ತಿಳಿಯಬೇಕು.

ಕೋಡಿಬಾಗ ನಿವಾಸಿ, ಕಾರವಾರ

ಎಲ್ಲರಿಗೂ ಧನ್ಯವಾದಗಳು. ಮನವಿಯ ಕರಡಿನಲ್ಲಿ "ವಾರ್ಷಿಕ ಬಳಕೆ" ಎಂಬುದನ್ನು "ತಿಂಗಳುವಾರು, ಮೂಲವಾರು ಬಳಕೆ" ಎಂದು ಬದಲಿಸುತ್ತೇವೆ, ವಸತಿಗೃಹಗಳಿಗೆ ಕೋಣೆಯ ಲೆಕ್ಕವನ್ನೂ ಸೇರಿಸುತ್ತೇವೆ. ಒಂದೇ ಸಂದೇಹ ಉಳಿದಿದೆ: ಮೊದಲ ವರ್ಷ ಯಾರಿಂದ ಆರಂಭಿಸಬೇಕು?

ನಿವೃತ್ತ ವಿದ್ಯುತ್ ಎಂಜಿನಿಯರ್, ಶಿರಸಿ

ಸರ್ಕಾರಿ ಕಟ್ಟಡಗಳಿಂದ. ಇಂಗ್ಲೆಂಡಿನಲ್ಲಿ 2008ರಲ್ಲಿ 1,000 ಚದರ ಮೀಟರ್ ಮೀರಿದ ಸಾರ್ವಜನಿಕ ಕಟ್ಟಡಗಳಿಗೆ ಬಳಕೆಯ ಪ್ರಮಾಣಪತ್ರವನ್ನು ಜನರಿಗೆ ಕಾಣುವಂತೆ ಹಾಕಲು ಹೇಳಿ, 2015ರ ಹೊತ್ತಿಗೆ ಮಿತಿಯನ್ನು 250 ಚದರ ಮೀಟರಿಗೆ ಇಳಿಸಿದರು. ಕಾರವಾರ ಜಿಲ್ಲಾಕೇಂದ್ರವಾದ್ದರಿಂದ ಇಲ್ಲಿ ಕಚೇರಿಗಳಿಗೆ ಕೊರತೆಯಿಲ್ಲ, ಬಿಲ್ಲುಗಳೂ ಸರ್ಕಾರದ ಕೈಯಲ್ಲೇ ಇವೆ. ಜೊತೆಗೆ ನಿಮ್ಮ ಸಮುಚ್ಚಯದ ಹನ್ನೆರಡು ತಿಂಗಳ ಲೆಕ್ಕವನ್ನು ಮನವಿಗೇ ಲಗತ್ತಿಸಿ. ಒಳಚರಂಡಿಯಿರುವ ಪಟ್ಟಣಗಳಿಗೆ ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. 160 ಜನರಿದ್ದರೆ 21,600 ಲೀಟರ್ ಆಯಿತು. ನಿಮ್ಮ ಸಂಪಿನಿಂದ ದಿನಕ್ಕೆ ಎಷ್ಟು ಮೇಲೇರುತ್ತದೆ ಎಂಬುದನ್ನು ಅದರ ಪಕ್ಕದಲ್ಲಿ ಬರೆದು ಕೊಡಿ.